ಕದಲದ ಬಂಡೆ

ಚೆನ್ನೈ ನಗರದ ಮರೀನಾ ಕಡಲತಡಿಗೆ ಉತ್ತರದ ಕಡೆಯಿಂದ ಬರುವವರಿಗೆ, ಎತ್ತರವಾದ ಪೀಠವೊಂದರ ಮೇಲೆ, ನಾಲ್ಕು ಶ್ಯಾಮಲ ಮಾನವಾಕೃತಿಗಳು ಗೋಚರವಾಗುತ್ತವೆ. ಸೊಂಟಕ್ಕೆ ತುಂಡುಬಟ್ಟೆಯನ್ನು ಮಾತ್ರ ಬಿಗಿದ ಆ ನಾಲ್ವರು ಕೂಲಿಕಾರರು, ಮರದ ಸನ್ನೆಗೋಲುಗಳನ್ನು ಹೆಬ್ಬಂಡೆಯೊಂದರ ಅಡಿಗೆ ಕೊಟ್ಟು, ಮೈಯ ಭಾರವನ್ನೆಲ್ಲ ಅವುಗಳ ಮೇಲೆ ಹೇರಿ, ಆ ಬಂಡೆಯನ್ನು ಕದಲಿಸಲು ಹೆಣಗುತ್ತಿದ್ದಾರೆ. 1959ರ ಗಣರಾಜ್ಯೋತ್ಸವದ ಮುನ್ನಾದಿನ ಸ್ಥಾಪಿತವಾದ ಈ ಕಂಚಿನ ಶಿಲ್ಪಕ್ಕೆ ‘ಶ್ರಮದ ವಿಜಯ’ವೆಂದು ಹೆಸರು, ಊರಿನವರ ಬಾಯಲ್ಲಿ ಅದು ‘ಉಳೈಪ್ಪಾಳರ್ ಸಿಲೈ’, ಎಂದರೆ ದುಡಿಮೆಗಾರರ ಪ್ರತಿಮೆ.

ಇದನ್ನು ನಿರ್ಮಿಸಿದ ದೇವಿಪ್ರಸಾದ ರಾಯ್ ಚೌಧುರಿಯವರು (1899–1975) ವಂಗದೇಶದವರು. ಅವನೀಂದ್ರನಾಥ ಠಾಕೂರರಲ್ಲಿ ಚಿತ್ರಕಲೆಯನ್ನು ಕಲಿತು, 1929ರಲ್ಲಿ ಮದರಾಸಿನ ಸರ್ಕಾರಿ ಕಲಾಶಾಲೆಗೆ ಬಂದು, ಅದರ ಪ್ರಥಮ ಭಾರತೀಯ ಮುಖ್ಯಸ್ಥರಾಗಿ ಮೂರು ದಶಕಗಳ ಸಮೀಪ ಸೇವೆ ಸಲ್ಲಿಸಿದವರು. ಅವರು ಕುಸ್ತಿಪಟುವೂ ಆಗಿದ್ದರೆಂಬ ಸಂಗತಿ ನನಗೆ ಗೌಣವೆಂದು ತೋರುವುದಿಲ್ಲ. ಪಾದವು ನೆಲವನ್ನು ಕಚ್ಚಿ ಹಿಡಿದಾಗ ಹುಟ್ಟುವ ಬಲವು ಮೀನಖಂಡದಿಂದ ತೊಡೆಗೂ, ತೊಡೆಯಿಂದ ಬೆನ್ನಿಗೂ ಏರಿ, ಕಡೆಗೆ ತೋಳಿನಲ್ಲಿ ಹೇಗೆ ವ್ಯಯವಾಗುವುದೆಂಬುದನ್ನು ತನ್ನ ದೇಹದಲ್ಲಿಯೇ ಅರಿತವನ ಕೈಗಲ್ಲದೆ ಇಂಥ ಬೆನ್ನುಗಳು ಒಲಿಯಲಾರವು.

ಕಲ್ಲಿನಲ್ಲಿ ಇಂಥ ಭಂಗಿಯನ್ನು ಕಡೆಯುವುದು ಸುಲಭಸಾಧ್ಯವಲ್ಲ. ಕಲ್ಲು ಹೇರಿದ ಭಾರವನ್ನು ಹೊರಬಲ್ಲುದೇ ಹೊರತು ಎಳೆತವನ್ನು ತಾಳಲಾರದಾದ್ದರಿಂದ, ಚಾಚಿದ ತೋಳಿಗೂ ವಾಲಿದ ಮೈಗೂ ಆಸರೆಯನ್ನು ಬೇಡುತ್ತದೆ. ತಾಮ್ರಕ್ಕೆ ತವರವನ್ನು ಬೆರೆಸಿದ ಕಂಚಾದರೋ, ಟೊಳ್ಳಾಗಿ ಎರಕ ಹೊಯ್ದರೂ ತನ್ನ ಬಲದಿಂದಲೇ ನಿಲ್ಲುತ್ತದೆ. ಮೇಲಾಗಿ, ಹಸಿ ಜೇಡಿಮಣ್ಣಿನಲ್ಲಿ ಶಿಲ್ಪಿಯ ಹೆಬ್ಬೆರಳು ಒತ್ತಿದ ಗುರುತು ಸಹ ಅಚ್ಚಿನ ಮೂಲಕ ಲೋಹಕ್ಕೆ ಇಳಿಯುತ್ತದೆ. ಇಲ್ಲಿಯ ಮೈಗಳು ನುಣುಪಾಗಿಲ್ಲ. ಆ ಉಬ್ಬುತಗ್ಗುಗಳಲ್ಲಿ ಬಿಸಿಲು ಸಿಕ್ಕಿಕೊಂಡು, ಸ್ನಾಯುಗಳು ಈಗಲೇ ಬಿಗಿದಂತೆ ಭಾಸವಾಗುತ್ತದೆ.

ಪಾಟ್ನಾದಲ್ಲಿ, 1942ರ ಆಗಸ್ಟ್‌ನಲ್ಲಿ ಸಚಿವಾಲಯದ ಮೇಲೆ ಧ್ವಜವನ್ನೇರಿಸಹೋಗಿ ಗುಂಡಿಗೆ ಬಲಿಯಾದ ಏಳು ತರುಣರ ಸ್ಮಾರಕವೂ ರಾಯ್ ಚೌಧುರಿಯವರದೇ ಕೃತಿ. ಅಲ್ಲಿ ಗುರಿಯು ಧ್ವಜರೂಪದಲ್ಲಿ ಕಣ್ಣಿಗೆ ಕಾಣುತ್ತದೆ. ಮರೀನಾದ ನಾಲ್ವರಿಗೆ ಧ್ವಜವಿಲ್ಲ. ಎದುರಿಗಿರುವುದು ಬಂಡೆಯೊಂದೇ, ಅದೂ ಇನ್ನೂ ಉರುಳಿಲ್ಲ. ಹೀಗಿದ್ದೂ ಇದನ್ನು ವಿಜಯವೆಂದು ಕರೆದುದು ನನಗೆ ಅತ್ಯಂತ ಉಚಿತವಾಗಿ ಕಾಣುತ್ತದೆ. ಏಕೆಂದರೆ ಆ ನಾಲ್ವರಲ್ಲಿ ಒಬ್ಬನೂ ಕೋಲನ್ನು ಬಿಟ್ಟಿಲ್ಲ.

ಕಾರ್ಮಿಕ ಮುಖಂಡ ಸಿಂಗಾರವೇಲು ಚೆಟ್ಟಿಯಾರರು 1923ರಲ್ಲಿ ಭಾರತದ ಮೊಟ್ಟಮೊದಲ ಮೇ ದಿನವನ್ನು ಆಚರಿಸಿದುದು ಮದರಾಸಿನ ಈ ಕಡಲತೀರದಲ್ಲಿಯೇ. ಇಂದಿಗೂ ಆ ದಿನ ಕಾರ್ಮಿಕರು ಹೂವನ್ನು ಹಿಡಿದು ಈ ಪೀಠದ ಬಳಿಗೆ ಬರುತ್ತಾರೆ.