ಮಗನ ಸಹಿ, ಅಮ್ಮನ ಕೈ

“ಅಮ್ಮಂಗೆ ಏನೂ ಗೊತ್ತಾಗಲ್ಲ ಮೇಡಂ, ಕೊಡಿ, ನಾನೇ ಸೈನ್ ಹಾಕ್ತೀನಿ.”

ಡಿಮೆನ್ಶಿಯಾ ಕುರಿತ ಸಂಶೋಧನೆಗೆಂದು ಮನೆಮನೆಗೆ ಹೋಗುವವರಿಗೆ ಈ ಮಾತು ಹೊಸದಲ್ಲ. ಹೇಳುವ ಮಗ ಕೆಟ್ಟವನಲ್ಲ; ಅಮ್ಮನಿಗೆ ತುತ್ತು ಮಾಡಿ ತಿನ್ನಿಸುವವನೂ ಅವನೇ. ಆದರೆ ಏನೂ ಗೊತ್ತಾಗದ ಆ ಅಮ್ಮ, ಸೂಜಿ ಕಂಡೊಡನೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ಇನ್ನೆಷ್ಟು ಗೊತ್ತಾಗಬೇಕಿತ್ತು?

ಕಾಯಿಲೆಗೆ ಹೆಸರು ಬಿದ್ದ ದಿನವೇ ‘ಹೂಂ’, ‘ಊಹೂಂ’ ಎನ್ನುವ ಅಧಿಕಾರವೂ ಹೋಯಿತು ಎಂಬ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿ ಕೂತಿದೆ. ಒಮ್ಮೆ ಆಫ್ ಆದರೆ ಎಲ್ಲ ಕೋಣೆಯೂ ಕತ್ತಲಾಗಲು ನಿರ್ಧರಿಸುವ ಶಕ್ತಿಯೇನು ಮನೆಯ ಮೇನ್ ಸ್ವಿಚ್ಚೇ? ಬ್ಯಾಂಕಿನ ಲೆಕ್ಕ ಕೈತಪ್ಪಿದವರಿಗೂ ಸಂಶೋಧನೆಗೆಂದು ಬಂದ ಹುಡುಗಿಯ ಜೊತೆ ಅರ್ಧ ಗಂಟೆ ಮಾತಾಡಬೇಕೋ ಬೇಡವೋ ಎಂಬುದು ಚೆನ್ನಾಗಿ ತಿಳಿಯಬಹುದು. ಬೆಳಗಿನ ಕಾಫಿ ಹೊತ್ತಿಗೆ ಚುರುಕಾಗಿದ್ದವರು ದೀಪ ಹಚ್ಚುವ ಹೊತ್ತಿಗೆ ಗಲಿಬಿಲಿಗೊಳ್ಳುವುದು ಈ ಕಾಯಿಲೆಯಲ್ಲಿ ಮಾಮೂಲು. ಸಂಜೆ ಹೋಗಿ ಕೇಳಿ, ‘ಉತ್ತರ ಬರಲಿಲ್ಲ’ ಎಂದು ಬರೆದುಕೊಂಡರೆ ತಪ್ಪು ಯಾರದು? 30 ಅಂಕಗಳ ಮನಸ್ಥಿತಿ ಪರೀಕ್ಷೆಯಲ್ಲಿ ಕಡಿಮೆ ಬಂತು ಎಂಬುದೂ ಪುರಾವೆಯಲ್ಲ. ಇವತ್ತು ಯಾವ ತಾರೀಖು ಎಂದರೆ ರಿಟೈರಾದ ಅರ್ಧ ಮಂದಿ ಗೋಡೆಯ ಕ್ಯಾಲೆಂಡರ್ ಕಡೆ ತಿರುಗುತ್ತಾರೆ.

ಕಾನೂನಿನಲ್ಲೂ ಮಗನ ಸಹಿಗೆ ಅಂಥ ಮಂತ್ರಶಕ್ತಿ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೆನಪಿನ ತೀವ್ರ ತೊಂದರೆಯನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರ 99ನೇ ಸೆಕ್ಷನ್ ಮೊದಲು ಕೇಳುವುದು ಕಾಯಿಲೆಯಿದ್ದವರ ಸ್ವಂತ ಒಪ್ಪಿಗೆಯನ್ನು, ಅದೂ ಬರೀ ಸಂದರ್ಶನಕ್ಕೂ. ಒಪ್ಪಿಗೆ ಕೊಡಲಾಗದವರ ಮೇಲೆ ಔಷಧಿಯಂಥ ಪ್ರಯೋಗ ನಡೆಸಬೇಕಾದರೆ ರಾಜ್ಯ ಪ್ರಾಧಿಕಾರದ ಅನುಮತಿ ಬೇಕು. ಆ ವ್ಯಕ್ತಿ ಪ್ರತಿರೋಧವನ್ನೂ ತೋರುತ್ತಿರಬಾರದು. ಇಂಗ್ಲೆಂಡಿನ 2005ರ ಕಾಯ್ದೆಯಂತೂ, ಇಂಥವರು ಯಾವ ರೀತಿಯಲ್ಲಿ ‘ಬೇಡ’ ಎಂದು ಸೂಚಿಸಿದರೂ ತಡಮಾಡದೆ ಬಿಟ್ಟುಬಿಡಿ ಎನ್ನುತ್ತದೆ. ಮುಖ ತಿರುಗಿಸುವುದು, ಎದ್ದು ಹೋಗುವುದು, ಸಿಡುಕುವುದು ಎಲ್ಲವೂ ಉತ್ತರಗಳೇ. ಅದಕ್ಕೇ ಕೆಲಸ ಬಲ್ಲವರು ಹೋದಾಗಲೆಲ್ಲ ಹೊಸದಾಗಿ ಕೇಳುತ್ತಾರೆ, ಮಾತಿನ ನಡುವೆಯೂ ಮುಖ ನೋಡುತ್ತಿರುತ್ತಾರೆ.

‘ಹೇಗೂ ಮರೆತುಬಿಡ್ತಾರೆ, ಸ್ವಲ್ಪ ನೊಂದರೇನು?’ ಎನ್ನುವವರೂ ಇದ್ದಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಜೈಮರ್ ಇದ್ದವರಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ನೋಡಿದ್ದು ಮರೆತುಹೋಗಿತ್ತು, ದುಃಖ ಹೋಗಿರಲಿಲ್ಲ.

‘ಇಷ್ಟು ರಗಳೆ ಯಾಕೆ, ಅವರನ್ನು ಬಿಟ್ಟೇ ಸಂಶೋಧನೆ ಮಾಡೋಣ’ ಎನ್ನುವುದು ಕುಂಟುವವರನ್ನು ಬಿಟ್ಟು ಊರುಗೋಲಿಗೆ ಅಳತೆ ತೆಗೆದ ಹಾಗೆ. ಇನ್ನು ವಯಸ್ಸಾದವರಿಗೆಲ್ಲ ಮರೆವು ಎಂದುಕೊಳ್ಳುವುದೂ ತಪ್ಪು; ‘ಅರವತ್ತಕ್ಕೆ ಅರಳುಮರಳು’ ಗಾದೆ ಅಷ್ಟೇ, ರೋಗನಿರ್ಣಯವಲ್ಲ: 60 ದಾಟಿದ ಭಾರತೀಯರಲ್ಲಿ ಡಿಮೆನ್ಶಿಯಾ ಇರುವವರು ಶೇ. 7.4 ಎಂಬ ಅಂದಾಜಿದೆ.

ನಮ್ಮ ಜನಕ್ಕೆ ಕಾಗದದ ಮೇಲೆ ಒಂದು ಸಹಿ, ಪಕ್ಕದಲ್ಲೊಂದು ಸೀಲು ಬಿದ್ದರೆ ಸಾಕು, ಕೈಮುಗಿಯುತ್ತಾರೆ. ಮೊಬೈಲಿಗೆ ಬಂದ ‘ತೆಂಗಿನೆಣ್ಣೆಯಿಂದ ಮರೆವು ಮಾಯ’ಕ್ಕೂ ಅದೇ ಭಕ್ತಿ. ಸೈಟು ಕೊಳ್ಳುವಾಗ ಮಾತ್ರ ಖಾತೆ, ಇಸಿ, ಮೂಲಪತ್ರ ಎಂದು ಮೂರು ಸಲ ತಿರುವಿಹಾಕುವ ಇವರೇ, ಅಮ್ಮನ ವಿಷಯ ಬಂದಾಗ ಒಪ್ಪಿಗೆ ಪತ್ರದ ಕೊನೆಯ ಪುಟಕ್ಕೇ ನೇರ ಜಿಗಿಯುತ್ತಾರೆ. ನಿಧಾನವಾಗಿ ಓದಿ ಹೇಳಿದರೆ ಕೂತು ಕೇಳುವ ತಾಳ್ಮೆ ಎಷ್ಟೋ ಸಲ ಅಮ್ಮನಿಗೇ ಹೆಚ್ಚು.