ಕೋವಿಡ್-19 ಕಾಲದಲ್ಲಿ ನರಸಿಂಹರಾಜಪುರ, ಕೊಪ್ಪ ಮತ್ತು ಶೃಂಗೇರಿಯ ಜನಜೀವನ

ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರ, ಕೊಪ್ಪ ಮತ್ತು ಶೃಂಗೇರಿ ತಾಲ್ಲೂಕುಗಳ ದೈನಂದಿನ ಬದುಕು ಹಾಗೂ ಕುಟುಂಬಗಳ ಆದಾಯದ ಮೇಲೆ 2020 ಮತ್ತು 2021ರ ಕೋವಿಡ್-19 ಸಾಂಕ್ರಾಮಿಕವು ವ್ಯಾಪಕ ಪರಿಣಾಮ ಬೀರಿತು. ಒಂದೇ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಈ ಮೂರು ತಾಲ್ಲೂಕುಗಳು ಅಡಿಕೆ, ಕಾಫಿ, ಕಾಳುಮೆಣಸು, ಭತ್ತ ಹಾಗೂ ರಬ್ಬರ್ ಬೆಳೆಯುವ ಮಲೆನಾಡಿನ ಪ್ರದೇಶಗಳಾಗಿವೆ. ಮೊದಲ ಅಲೆಯ ಆರಂಭದಲ್ಲಿ ಇಲ್ಲಿ ಸೋಂಕು ಕಾಣಿಸಿಕೊಳ್ಳುವುದಕ್ಕಿಂತ ಮುಂಚೆಯೇ ಲಾಕ್‌ಡೌನ್‌ನಿಂದ ಕೂಲಿ, ಮಾರುಕಟ್ಟೆ ಮತ್ತು ಸಾರಿಗೆ ಸ್ಥಗಿತಗೊಂಡವು. ಎರಡನೆಯ ಅಲೆಯಲ್ಲಿ ರೋಗ ಮತ್ತು ಆರ್ಥಿಕ ಸಂಕಷ್ಟಗಳೆರಡೂ ಒಟ್ಟಿಗೆ ಎದುರಾದವು.

ಹಿನ್ನೆಲೆ

ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಲಕ್ಕವಳ್ಳಿಯಲ್ಲಿ ನಿರ್ಮಿಸಲಾದ ಭದ್ರಾ ಜಲಾಶಯದ ಹಿನ್ನೀರು ಈ ತಾಲ್ಲೂಕಿನೊಳಕ್ಕೆ ಚಾಚಿಕೊಂಡಿದೆ. ಕೇರಳದಿಂದ ವಲಸೆ ಬಂದ ಕೃಷಿಕ ಕುಟುಂಬಗಳೂ ಇಲ್ಲಿ ಗಣನೀಯ ಸಂಖ್ಯೆಯಲ್ಲಿ ನೆಲೆಸಿವೆ. ಈ ತಾಲ್ಲೂಕಿನ ಬಾಳೆಹೊನ್ನೂರು ರಂಭಾಪುರಿ ಪೀಠದಿಂದ ಪ್ರಸಿದ್ಧವಾದರೆ, ಶೃಂಗೇರಿ ಶಾರದಾ ಪೀಠದ ಯಾತ್ರಾಸ್ಥಳವಾಗಿದೆ.

ಸಾಂಕ್ರಾಮಿಕಕ್ಕೆ ಮುನ್ನವೇ ಈ ಭಾಗದ ಆರ್ಥಿಕ ಸ್ಥಿತಿ ದುರ್ಬಲವಾಗಿತ್ತು. ಶೃಂಗೇರಿ, ಕೊಪ್ಪ ಮತ್ತು ನರಸಿಂಹರಾಜಪುರದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗವು ದಶಕಗಳಿಂದ ಕಾಡುತ್ತಿದ್ದು, ರೋಗ ತಗುಲಿದ ತೋಟಗಳ ಇಳುವರಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತಾ ಬಂದಿದೆ. 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಿಂದ ಜಿಲ್ಲೆಯ ಮಲೆನಾಡು ಭಾಗದಲ್ಲಿ ಗುಡ್ಡ ಕುಸಿತ ಮತ್ತು ಬೆಳೆಹಾನಿ ಸಂಭವಿಸಿತ್ತು. ಕೊಪ್ಪವನ್ನು ಕೇಂದ್ರವಾಗಿಟ್ಟುಕೊಂಡು 1991ರಿಂದ ಕಾರ್ಮಿಕರೇ ನಡೆಸಿಕೊಂಡು ಬಂದಿದ್ದ 'ಸಹಕಾರ ಸಾರಿಗೆ' ಬಸ್ ಸಂಸ್ಥೆಯು ನಷ್ಟದ ಕಾರಣ 2020ರ ಫೆಬ್ರುವರಿಯಲ್ಲಿ ಸೇವೆ ನಿಲ್ಲಿಸಿತ್ತು.

ಸಾಂಕ್ರಾಮಿಕ ರೋಗಗಳ ಭಯವೂ ಮಲೆನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಮಲೇರಿಯಾದಿಂದ ಇಲ್ಲಿನ ಜನಸಂಖ್ಯೆ ಕ್ಷೀಣಿಸಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಉಣುಗುಗಳ ಮೂಲಕ ಹರಡುವ ಈ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚಾಗಿರುತ್ತದೆ. ಹೀಗಾಗಿ 2020ರ ಬೇಸಿಗೆಯಲ್ಲಿ ಜ್ವರ ಬಂದವರು ಎರಡು ರೋಗಗಳ ಶಂಕೆಯನ್ನು ಒಟ್ಟಿಗೆ ಎದುರಿಸಬೇಕಾಯಿತು.

ಮೊದಲ ಅಲೆ

ಕರ್ನಾಟಕದ ಮೊದಲ ಕೋವಿಡ್-19 ಪ್ರಕರಣ 2020ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ವರದಿಯಾಯಿತು. ಮಾರ್ಚ್ 22ರಂದು ಜನತಾ ಕರ್ಫ್ಯೂ ನಡೆದು, ಮಾರ್ಚ್ 25ರಿಂದ ದೇಶದಾದ್ಯಂತ 21 ದಿನಗಳ ಲಾಕ್‌ಡೌನ್ ಜಾರಿಗೆ ಬಂದಿತು. ಅದು ಹಂತಹಂತವಾಗಿ ಮೇ 31ರವರೆಗೆ ವಿಸ್ತರಣೆಗೊಂಡಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೇ ತಿಂಗಳ ಮೂರನೆಯ ವಾರದವರೆಗೆ ಒಂದೂ ಪ್ರಕರಣ ವರದಿಯಾಗದೆ, ಜಿಲ್ಲೆಯು ಹಸಿರು ವಲಯದಲ್ಲಿತ್ತು. ಆದರೂ ಆರಂಭದ ವಾರಗಳಲ್ಲಿ ಬಸ್ ಸಂಚಾರ, ಸಂತೆ, ಹೋಟೆಲ್, ಕ್ಷೌರದ ಅಂಗಡಿ ಹಾಗೂ ಕಟ್ಟಡ ಕೆಲಸಗಳು ಇತರೆಡೆಗಳಂತೆ ಇಲ್ಲಿಯೂ ಸಂಪೂರ್ಣವಾಗಿ ನಿಂತಿದ್ದವು.

ಇದೇ ಅವಧಿಯಲ್ಲಿ ಬೆಂಗಳೂರು ಮುಂತಾದ ನಗರಗಳಲ್ಲಿ ಹೋಟೆಲ್, ಬೇಕರಿ ಮತ್ತು ಖಾಸಗಿ ಕಂಪನಿಗಳಲ್ಲಿ ದುಡಿಯುತ್ತಿದ್ದ ಮಲೆನಾಡಿನ ಯುವಕರು ಊರಿಗೆ ಮರಳಿದರು. ಅವರು ಮನೆಗೆ ಕಳುಹಿಸುತ್ತಿದ್ದ ಹಣ ನಿಂತುಹೋದ ತಿಂಗಳಲ್ಲಿಯೇ ಮನೆಯಲ್ಲಿ ಉಣ್ಣುವವರ ಸಂಖ್ಯೆಯೂ ಹೆಚ್ಚಿತು.

ಕೃಷಿ ಮತ್ತು ಮಾರುಕಟ್ಟೆ

ಲಾಕ್‌ಡೌನ್‌ನ ಪರಿಣಾಮವನ್ನು ಅರಿಯಲು ಮಲೆನಾಡಿನ ಕೃಷಿ ಕುಟುಂಬದ ವಾರ್ಷಿಕ ಹಣದ ಹರಿವನ್ನು ತಿಳಿಯಬೇಕಾಗುತ್ತದೆ. ಅಡಿಕೆಯ ಕೊನೆ ಕೊಯ್ಲು, ಸುಲಿತ, ಬೇಯಿಸುವಿಕೆ ಮತ್ತು ಒಣಗಿಸುವಿಕೆ ಚಳಿಗಾಲದಲ್ಲಿ ನಡೆಯುತ್ತವೆ. ರೊಬಸ್ಟಾ ಕಾಫಿ ಮತ್ತು ಕಾಳುಮೆಣಸಿನ ಕೊಯ್ಲು ಬೇಸಿಗೆಯ ಆರಂಭಕ್ಕೆ ಮುಗಿಯುತ್ತದೆ. ಒಣಗಿದ ಮಾಲನ್ನು ಬೇಸಿಗೆಯಲ್ಲಿ ಮಾರಿ, ಬಂದ ಹಣದಿಂದ ಸಹಕಾರ ಸಂಘದ ಬೆಳೆಸಾಲ ತೀರಿಸುವುದು, ಮದುವೆ ಮುಂತಾದ ಶುಭಕಾರ್ಯಗಳನ್ನು ನಡೆಸುವುದು, ಜೂನ್ ತಿಂಗಳಿಗೆ ಮಕ್ಕಳ ಶಾಲಾ ಶುಲ್ಕ ಹೊಂದಿಸುವುದು ಹಾಗೂ ಮಳೆಗಾಲಕ್ಕೆ ಮುನ್ನ ಕೊಳೆ ರೋಗದ ಔಷಧಿಗೆ ಬೇಕಾದ ಮೈಲುತುತ್ತ ಮತ್ತು ಸುಣ್ಣ ಕೊಳ್ಳುವುದು ರೂಢಿ. ಮಾರ್ಚ್ ಕೊನೆಯಲ್ಲಿ ಆರಂಭವಾದ ಲಾಕ್‌ಡೌನ್, ಮಾಲು ಹಣವಾಗಿ ಬದಲಾಗಬೇಕಿದ್ದ ತಿಂಗಳುಗಳಿಗೇ ಅಡ್ಡಬಂದಿತು.

ಅಡಿಕೆ ಮಂಡಿಗಳು ಮುಚ್ಚಿದವು. ಉತ್ತರ ಭಾರತದ ಪಾನ್ ಮಸಾಲಾ ಕಾರ್ಖಾನೆಗಳು ಸ್ಥಗಿತಗೊಂಡದ್ದರಿಂದ ಬೇಡಿಕೆಯೂ ಇರಲಿಲ್ಲ. ಮಲೆನಾಡಿನಲ್ಲಿ ಅಡಿಕೆ ಖರೀದಿಸುವ ಪ್ರಮುಖ ಸಹಕಾರಿ ಸಂಸ್ಥೆಗಳೆಂದರೆ 1939ರಲ್ಲಿ ಸ್ಥಾಪನೆಯಾದ ಶಿವಮೊಗ್ಗದ ಮ್ಯಾಮ್‌ಕೋಸ್ ಮತ್ತು 1973ರಲ್ಲಿ ಸ್ಥಾಪನೆಯಾದ ಮಂಗಳೂರಿನ ಕ್ಯಾಂಪ್ಕೊ. ಏಪ್ರಿಲ್‌ನಲ್ಲಿ ಕ್ಯಾಂಪ್ಕೊ ಮಿತಿಗಳೊಂದಿಗೆ ಖರೀದಿಯನ್ನು ಪುನರಾರಂಭಿಸಿತು. ಗೋದಾಮಿನಲ್ಲಿ ಅಥವಾ ಮನೆಯ ಅಟ್ಟದಲ್ಲಿ ಅಡಿಕೆ ಇಟ್ಟುಕೊಂಡು ಕಾಯುವ ಶಕ್ತಿ ಇದ್ದ ಬೆಳೆಗಾರರು ಅನಂತರದ ಬೆಲೆ ಏರಿಕೆಯ ಲಾಭ ಪಡೆದರು. ವಿದೇಶಿ ಅಡಿಕೆಯ ಒಳಹರಿವು ತಗ್ಗಿದ್ದು ಸೇರಿದಂತೆ ವಿವಿಧ ಕಾರಣಗಳಿಂದ 2021ರಲ್ಲಿ ಕೆಂಪಡಿಕೆಯ 'ರಾಶಿ' ವರ್ಗದ ಧಾರಣೆ ಕ್ವಿಂಟಲ್‌ಗೆ 50 ಸಾವಿರ ರೂಪಾಯಿಯನ್ನು ದಾಟಿತು. ಆದರೆ ಮಂಡಿಯಿಂದ ಮುಂಗಡ ಪಡೆದಿದ್ದ ಸಣ್ಣ ಹಿಡುವಳಿದಾರರಿಗೆ ಕಾಯುವ ಅವಕಾಶ ಕಡಿಮೆ. ಹೀಗಾಗಿ ಒಂದೇ ಬೆಳೆಯಿಂದ ಒಂದೇ ಊರಿನ ಕೆಲವರು ಚೇತರಿಸಿಕೊಂಡರೆ, ಉಳಿದವರು ಸಾಲದಲ್ಲಿಯೇ ಉಳಿದರು.

ಕೂಲಿ ಕಾರ್ಮಿಕರು

ಕೃಷಿ ಚಟುವಟಿಕೆಗಳಿಗೆ ಮಾರ್ಚ್ ಅಂತ್ಯದಲ್ಲಿಯೇ ವಿನಾಯಿತಿ ದೊರೆಯಿತು. ಕಾಫಿ ಮತ್ತು ರಬ್ಬರ್ ತೋಟಗಳಲ್ಲಿ ಗರಿಷ್ಠ ಶೇ. 50ರಷ್ಟು ಕಾರ್ಮಿಕರೊಂದಿಗೆ ಕೆಲಸ ನಡೆಸಲು ಏಪ್ರಿಲ್ 20ರಿಂದ ಅನುಮತಿ ನೀಡಲಾಯಿತು. ಎಂದರೆ, ಎಲ್ಲರಿಗೂ ಕೆಲಸ ಕೊಡಬೇಕಾದರೆ ಪಾಳಿಯ ಮೇಲೆ ಕರೆಯಬೇಕಾಗಿತ್ತು. ಹಾಗೆ ಮಾಡಿದಲ್ಲಿ ಪ್ರತಿಯೊಬ್ಬರ ವಾರದ ಬಟವಾಡೆ ಅರ್ಧಕ್ಕೆ ಇಳಿಯುತ್ತಿತ್ತು. ತೋಟದ ಲೈನ್ ಮನೆಗಳಲ್ಲಿ ವಾಸವಿದ್ದ ಉತ್ತರ ಕರ್ನಾಟಕ ಹಾಗೂ ಅಸ್ಸಾಂ ಮೂಲದ ಕಾರ್ಮಿಕರು ಊರಿಗೆ ಹೋಗಲಾಗದೆ ಉಳಿದರು. ಹಳ್ಳಿಯಿಂದ ಬೇರೆ ಊರಿನ ತೋಟಗಳಿಗೆ ಜೀಪು, ಪಿಕಪ್ ವಾಹನಗಳಲ್ಲಿ ಹೋಗಿ ಬರುತ್ತಿದ್ದವರಿಗೆ ವಾಹನ ಸಂಚಾರದ ನಿರ್ಬಂಧದಿಂದ ಕೆಲಸ ತಪ್ಪಿತು.

ಈ ಅವಧಿಯಲ್ಲಿ ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ಪರ್ಯಾಯ ಆದಾಯವಾಯಿತು. ಕರ್ನಾಟಕದಲ್ಲಿ ಇದರ ದಿನಗೂಲಿಯನ್ನು 2020-21ರಲ್ಲಿ 249 ರೂಪಾಯಿಯಿಂದ 275 ರೂಪಾಯಿಗೆ, ಮರುವರ್ಷ 289 ರೂಪಾಯಿಗೆ ಏರಿಸಲಾಯಿತು. 100 ದಿನಗಳ ಪೂರ್ಣ ಕೆಲಸ ದೊರೆತರೂ 2020-21ರಲ್ಲಿ ಒಂದು ಕುಟುಂಬಕ್ಕೆ ಸಿಗುವ ಮೊತ್ತ 27,500 ರೂಪಾಯಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಭಾರಿ ಮಳೆಯಲ್ಲಿ ಮಣ್ಣಿನ ಕಾಮಗಾರಿ ಕಷ್ಟವಾದ್ದರಿಂದ ಈ ಯೋಜನೆಯ ಪ್ರಯೋಜನಕ್ಕೂ ಮಿತಿಯಿತ್ತು.

ಯಾತ್ರೆ, ಸಾರಿಗೆ ಮತ್ತು ಸಮಾರಂಭಗಳು

ಶೃಂಗೇರಿಯ ವಸತಿಗೃಹಗಳು, ಹೋಟೆಲ್‌ಗಳು, ಹೂವು-ಹಣ್ಣಿನ ಅಂಗಡಿಗಳು ಮತ್ತು ಆಟೊ ಚಾಲಕರ ಆದಾಯ ಯಾತ್ರಿಕರನ್ನೇ ಅವಲಂಬಿಸಿದೆ. ಶಾಲೆಗಳ ಬೇಸಿಗೆ ರಜೆಯಾದ ಏಪ್ರಿಲ್ ಮತ್ತು ಮೇ ಅವರ ಮುಖ್ಯ ಸಂಪಾದನೆಯ ಕಾಲ. ರಾಜ್ಯದಲ್ಲಿ ದೇವಾಲಯಗಳ ಪ್ರವೇಶಕ್ಕೆ 2020ರ ಜೂನ್ 8ರಿಂದ ಮತ್ತೆ ಅವಕಾಶ ದೊರೆಯುವ ವೇಳೆಗೆ ಮಳೆಗಾಲ ಆರಂಭವಾಗಿತ್ತು. 2021ರಲ್ಲಿಯೂ ಅದೇ ತಿಂಗಳುಗಳು ನಿರ್ಬಂಧದಲ್ಲಿ ಕಳೆದದ್ದರಿಂದ ಸತತ ಎರಡು ವರ್ಷಗಳ ಬೇಸಿಗೆಯ ಆದಾಯ ಕೈತಪ್ಪಿತು.

ಮದುವೆಗಳಿಗೆ 50 ಜನರ ಮಿತಿ ವಿಧಿಸಿದ್ದರಿಂದ ಅಡುಗೆಯವರು, ಶಾಮಿಯಾನದವರು, ವಾಲಗದವರು ಮತ್ತು ಛಾಯಾಗ್ರಾಹಕರು ಕೆಲಸ ಕಳೆದುಕೊಂಡರು. ಯಕ್ಷಗಾನ ಮೇಳಗಳ ತಿರುಗಾಟ ಮಾರ್ಚ್‌ನಲ್ಲಿ ಅರ್ಧಕ್ಕೇ ನಿಂತಿತು. ಮಳೆಗಾಲದ ಖರ್ಚಿಗೆ ತಿರುಗಾಟದ ಸಂಬಳವನ್ನೇ ನೆಚ್ಚಿಕೊಂಡ ಕಲಾವಿದರಿಗೆ ಇದು ದೊಡ್ಡ ಪೆಟ್ಟಾಯಿತು.

ಸಹಕಾರ ಸಾರಿಗೆ ಮೊದಲೇ ನಿಂತಿದ್ದು, ಖಾಸಗಿ ಬಸ್‌ಗಳೂ ನಿಂತದ್ದರಿಂದ ಒಳಹಳ್ಳಿಗಳ ಜನರಿಗೆ ಆಸ್ಪತ್ರೆ, ಬ್ಯಾಂಕ್ ಮತ್ತು ಪಡಿತರ ಅಂಗಡಿ ತಲುಪುವುದು ದುಬಾರಿಯಾಯಿತು. 2021ರ ಏಪ್ರಿಲ್ 7ರಿಂದ 21ರವರೆಗೆ ನಡೆದ ಸಾರಿಗೆ ನಿಗಮಗಳ ನೌಕರರ ಮುಷ್ಕರವು ಎರಡನೆಯ ಅಲೆಯ ಹೊಸ್ತಿಲಲ್ಲಿ ಸಂಚಾರವನ್ನು ಇನ್ನಷ್ಟು ಕಠಿಣಗೊಳಿಸಿತು.

ಸಾಲ ಮತ್ತು ಕಂತು

ಭಾರತೀಯ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 1ರಿಂದ ಮೇ 31ರವರೆಗಿನ ಸಾಲದ ಕಂತುಗಳನ್ನು ಮುಂದೂಡಲು ಅವಕಾಶ ನೀಡಿ, ಅನಂತರ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಇದು ಸಾಲಮನ್ನಾ ಆಗಿರಲಿಲ್ಲ. ಮುಂದೂಡಿದ ಅವಧಿಗೂ ಬಡ್ಡಿ ಸೇರುತ್ತಿತ್ತು. ಉದಾಹರಣೆಗೆ, ವಾರ್ಷಿಕ ಶೇ. 24ರ ಬಡ್ಡಿಯ 50,000 ರೂಪಾಯಿ ಸಾಲವನ್ನು 6 ತಿಂಗಳು ಮುಂದೂಡಿದರೆ ಸರಳ ಬಡ್ಡಿಯಲ್ಲಿಯೇ 6,000 ರೂಪಾಯಿ ಹೊರೆ ಬೀಳುತ್ತದೆ. ಸ್ವಸಹಾಯ ಸಂಘಗಳು ಮತ್ತು ಕಿರುಸಾಲ ಸಂಸ್ಥೆಗಳಿಗೆ ವಾರದ ಕಂತು ಕಟ್ಟುತ್ತಿದ್ದ ಮಹಿಳೆಯರಿಗೆ ಈ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಮುಖ್ಯವಾಗಿತ್ತು.

ಕರ್ನಾಟಕದಲ್ಲಿ ಆಗ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ 3 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆಸಾಲ ಶೂನ್ಯ ಬಡ್ಡಿಗೆ ದೊರೆಯುತ್ತಿತ್ತು. ಗಡುವಿನೊಳಗೆ ಮರುಪಾವತಿಸಿದವರಿಗೆ ಮಾತ್ರ ಈ ರಿಯಾಯಿತಿ ಅನ್ವಯಿಸುತ್ತಿತ್ತು. ಮಾರುಕಟ್ಟೆ ಮುಚ್ಚಿದ್ದರಿಂದ ಬೆಳೆಸಾಲದ ಗಡುವನ್ನೂ ವಿಸ್ತರಿಸಲಾಯಿತು.

ತುರ್ತು ಹಣಕ್ಕೆ ಚಿನ್ನದ ಒಡವೆ ಅಡವಿಡುವುದು ಮಲೆನಾಡಿನಲ್ಲಿ ಹಿಂದಿನಿಂದಲೂ ಇರುವ ಕ್ರಮ. 2020ರ ಆಗಸ್ಟ್‌ನಲ್ಲಿ 10 ಗ್ರಾಂ ಚಿನ್ನದ ಬೆಲೆ ಸುಮಾರು 56 ಸಾವಿರ ರೂಪಾಯಿಗೆ ಏರಿತು. ಅದೇ ತಿಂಗಳು ರಿಸರ್ವ್ ಬ್ಯಾಂಕ್, ಬ್ಯಾಂಕುಗಳು ಕೃಷಿಯೇತರ ಉದ್ದೇಶಕ್ಕೆ ಒಡವೆಯ ಮೇಲೆ ನೀಡುವ ಸಾಲದ ಮಿತಿಯನ್ನು ಅದರ ಮೌಲ್ಯದ ಶೇ. 75ರಿಂದ ಶೇ. 90ಕ್ಕೆ 2021ರ ಮಾರ್ಚ್ 31ರವರೆಗೆ ಏರಿಸಿತು. ಇದರಿಂದ ಹಣ ಸುಲಭವಾಗಿ ದೊರೆತರೂ, ಬಿಡಿಸಿಕೊಳ್ಳಬೇಕಾದ ಮೊತ್ತವೂ ಹೆಚ್ಚಿತು.

ಸರ್ಕಾರದ ನೆರವು

ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಯೋಜನೆಯಡಿ ಪಡಿತರ ಚೀಟಿಯ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ. ಉಚಿತ ಆಹಾರಧಾನ್ಯ ಹಾಗೂ ಮಹಿಳೆಯರ ಜನಧನ್ ಖಾತೆಗಳಿಗೆ 3 ತಿಂಗಳು ತಲಾ 500 ರೂಪಾಯಿ ನೀಡಲಾಯಿತು. 2020ರ ಮೇ 6ರಂದು ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿದರು. ಅದರಲ್ಲಿ ಕ್ಷೌರಿಕರು, ಮಡಿವಾಳರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ನಿಗದಿಯಾಗಿತ್ತು. 2021ರ ಮೇ 19ರಂದು ಘೋಷಿಸಿದ 1,250 ಕೋಟಿ ರೂಪಾಯಿಯ ಪರಿಹಾರದಲ್ಲಿ ಚಾಲಕರು, ಕಟ್ಟಡ ಕಾರ್ಮಿಕರು ಮತ್ತು ಕಲಾವಿದರಿಗೆ 3,000 ರೂಪಾಯಿ, ಅಸಂಘಟಿತ ವಲಯದ ಕೆಲವು ವೃತ್ತಿಗಳವರು ಮತ್ತು ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ ದೊರೆಯಿತು.

ನೆರವಿನ ಸ್ವರೂಪ ದಾಖಲೆಗಳನ್ನು ಅವಲಂಬಿಸಿತ್ತು. ಚಾಲಕರಿಗೆ ಪರವಾನಗಿ, ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯ ನೋಂದಣಿ, ಪಿಎಂ-ಕಿಸಾನ್ ಯೋಜನೆಯ ಹಣಕ್ಕೆ ಜಮೀನಿನ ಪಹಣಿ ಅಗತ್ಯವಾಗಿತ್ತು. ಬಗರ್‌ಹುಕುಂ ಸಾಗುವಳಿ ಮಾಡುತ್ತಾ ಹಕ್ಕುಪತ್ರಕ್ಕೆ ಕಾಯುತ್ತಿರುವ ಕುಟುಂಬಗಳು ಹಾಗೂ ಯಾವ ವೃತ್ತಿಪಟ್ಟಿಗೂ ಸೇರದ ತೋಟದ ದಿನಗೂಲಿಗಳು ಮುಖ್ಯವಾಗಿ ಪಡಿತರ ಮತ್ತು ಉದ್ಯೋಗ ಖಾತರಿಯನ್ನೇ ನೆಚ್ಚಿಕೊಳ್ಳಬೇಕಾಯಿತು.

ಶಿಕ್ಷಣ

ಶಾಲೆಗಳು ಮುಚ್ಚಿ ಆನ್‌ಲೈನ್ ತರಗತಿಗಳು ಆರಂಭವಾದಾಗ ಸ್ಮಾರ್ಟ್‌ಫೋನ್ ಖರೀದಿ ಮತ್ತು ಇಂಟರ್ನೆಟ್ ಶುಲ್ಕ ಕುಟುಂಬದ ಹೊಸ ಖರ್ಚುಗಳಾದವು. ಕಾಡು ಮತ್ತು ಕಣಿವೆಗಳ ನಡುವಿನ ಒಂಟಿಮನೆಗಳಿಗೆ ಸಿಗ್ನಲ್ ದೊರೆಯದೆ, ಮಲೆನಾಡಿನ ವಿದ್ಯಾರ್ಥಿಗಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಏರಿ ಪಾಠ ಕೇಳುತ್ತಿದ್ದರು. ವಿದ್ಯುತ್ ಕಡಿತವಾದಾಗ ಮೊಬೈಲ್ ಗೋಪುರಗಳೂ ಸ್ತಬ್ಧವಾಗುತ್ತಿದ್ದವು. ಊರೂರಿನಲ್ಲಿಯೇ ಪಾಠ ನಡೆಸುವ 'ವಿದ್ಯಾಗಮ' ಕಾರ್ಯಕ್ರಮ 2020ರ ಆಗಸ್ಟ್‌ನಲ್ಲಿ ಆರಂಭವಾಗಿ ಅಕ್ಟೋಬರ್‌ನಲ್ಲಿ ತಾತ್ಕಾಲಿಕವಾಗಿ ನಿಂತಿತು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಜುಲೈ 19 ಮತ್ತು 22ರಂದು, ಎರಡೇ ದಿನಗಳಲ್ಲಿ ನಡೆಸಲಾಯಿತು.

ಎರಡನೆಯ ಅಲೆ

2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಕರ್ಫ್ಯೂ, ಮೇ 10ರಿಂದ ಕಠಿಣ ಲಾಕ್‌ಡೌನ್ ಜಾರಿಯಾಯಿತು. ಜೂನ್ 14ರಿಂದ ಹಲವು ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲಗೊಂಡರೂ, ಸೋಂಕಿನ ಪ್ರಮಾಣ ಹೆಚ್ಚಿದ್ದ 11 ಜಿಲ್ಲೆಗಳಲ್ಲಿ ಒಂದಾದ ಚಿಕ್ಕಮಗಳೂರಿನಲ್ಲಿ ಅದು ಮುಂದುವರಿಯಿತು. ಹಿಂದಿನ ವರ್ಷದ ಹಸಿರು ವಲಯವೇ ಈ ಬಾರಿ ಹೆಚ್ಚು ಬಾಧಿತ ಜಿಲ್ಲೆಗಳ ಸಾಲಿಗೆ ಸೇರಿತು. ತೀವ್ರ ಚಿಕಿತ್ಸೆ ಬೇಕಾದವರು ಶಿವಮೊಗ್ಗ, ಚಿಕ್ಕಮಗಳೂರು ಅಥವಾ ಮಣಿಪಾಲಕ್ಕೆ ತೆರಳಬೇಕಾಗುತ್ತಿತ್ತು. ಆಂಬ್ಯುಲೆನ್ಸ್, ಔಷಧಿ ಮತ್ತು ರೋಗಿಯ ಜೊತೆಗಿರುವವರ ಊಟ-ವಸತಿಯ ವೆಚ್ಚ ಕುಟುಂಬಗಳ ಮೇಲೆ ಬಿದ್ದಿತು.

ಮನೆ ಮನೆ ಸಮೀಕ್ಷೆ ಮತ್ತು ಕ್ವಾರಂಟೈನ್ ನಿಗಾ ಆಶಾ ಕಾರ್ಯಕರ್ತೆಯರ ಹೊಣೆಯಾಗಿತ್ತು. ಮಾಸಿಕ 12,000 ರೂಪಾಯಿ ಗೌರವಧನಕ್ಕೆ ಆಗ್ರಹಿಸಿ ಅವರು 2020ರ ಜುಲೈನಲ್ಲಿ ರಾಜ್ಯಾದ್ಯಂತ ಮುಷ್ಕರ ನಡೆಸಿದ್ದರು. ದುಡಿಯುವ ಸದಸ್ಯರನ್ನು ಕಳೆದುಕೊಂಡ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ 1 ಲಕ್ಷ ರೂಪಾಯಿ ಪರಿಹಾರವನ್ನು, ತಂದೆ-ತಾಯಿಯರನ್ನು ಕಳೆದುಕೊಂಡ ಮಕ್ಕಳಿಗೆ ಮಾಸಿಕ 3,500 ರೂಪಾಯಿ ನೆರವನ್ನು ರಾಜ್ಯ ಸರ್ಕಾರ 2021ರಲ್ಲಿ ಪ್ರಕಟಿಸಿತು.

ದೀರ್ಘಕಾಲಿಕ ಪರಿಣಾಮ

ನಗರದಿಂದ ಮರಳಿದವರಲ್ಲಿ ಕೆಲವರು ತೋಟ ಮತ್ತು ಹೋಮ್‌ಸ್ಟೇ ನೋಡಿಕೊಂಡು ಊರಿನಲ್ಲಿಯೇ ನೆಲೆಸಿದರು. ಹಲವರು ನಿರ್ಬಂಧ ತೆರವಾದ ಬಳಿಕ ಮತ್ತೆ ನಗರಕ್ಕೆ ತೆರಳಿದರು. ಅಡಿಕೆ ಧಾರಣೆಯ ಏರಿಕೆಯಿಂದ ಬೆಳೆಗಾರರಿಗೆ ಚೇತರಿಕೆ ದೊರೆತರೂ, ಅದರ ಪಾಲು ಕೂಲಿಕಾರರು, ಚಾಲಕರು ಮತ್ತು ಯಾತ್ರೆಯನ್ನು ನಂಬಿದ ಸಣ್ಣ ವ್ಯಾಪಾರಿಗಳಿಗೆ ಅದೇ ಪ್ರಮಾಣದಲ್ಲಿ ತಲುಪಲಿಲ್ಲ. ಮೊಬೈಲ್ ಸಂಪರ್ಕ, ಗ್ರಾಮೀಣ ಬಸ್ ಸೇವೆ, ತಾಲ್ಲೂಕು ಮಟ್ಟದ ಚಿಕಿತ್ಸಾ ಸೌಲಭ್ಯ ಹಾಗೂ ಭೂದಾಖಲೆ ಈ ಭಾಗದ ಹಳೆಯ ಬೇಡಿಕೆಗಳು. ಇವುಗಳ ಕೊರತೆ ಕುಟುಂಬದ ಆದಾಯ, ಮಕ್ಕಳ ಓದು ಮತ್ತು ರೋಗಿಯ ಜೀವಕ್ಕೆ ನೇರವಾಗಿ ಸಂಬಂಧಿಸಿದೆ ಎಂಬುದನ್ನು ಸಾಂಕ್ರಾಮಿಕದ ಎರಡು ವರ್ಷಗಳು ಸ್ಪಷ್ಟಪಡಿಸಿದವು.