ಬಯಕೆಯ ಊಟ ಮತ್ತು ಕೂಸಿನ ತೂಕ: ಬಸಿರಿನ ಆಚರಣೆಗಳ ಜಾನಪದೀಯ ವಿವೇಚನೆ

ಕನ್ನಡದಲ್ಲಿ 'ತೂಗು' ಎಂಬ ಒಂದೇ ಧಾತು ಎರಡು ಕ್ರಿಯೆಗಳನ್ನು ಸೂಚಿಸುತ್ತದೆ. ತಕ್ಕಡಿಯಲ್ಲಿಟ್ಟು ಭಾರವನ್ನು ಅಳೆಯುವುದೂ ತೂಗುವುದೇ, ತೊಟ್ಟಿಲಲ್ಲಿಟ್ಟು ಆಡಿಸುವುದೂ ತೂಗುವುದೇ. ಜನಪದ ಸಮಾಜವು ಕೂಸನ್ನು ತೊಟ್ಟಿಲಲ್ಲಿ ತೂಗಿದಷ್ಟು ತಕ್ಕಡಿಯಲ್ಲಿ ತೂಗಲಿಲ್ಲ. ಹರಕೆಯ ತುಲಾಭಾರದಲ್ಲಿ ಮಗುವನ್ನು ಬೆಲ್ಲ, ಬಾಳೆಹಣ್ಣು, ತೆಂಗಿನಕಾಯಿಗಳಿಗೆ ಸಮನಾಗಿ ತೂಗುವ ಪದ್ಧತಿ ಇದೆಯಾದರೂ ಅಲ್ಲಿ ಮುಖ್ಯವಾಗುವುದು ಕಾಣಿಕೆಯ ಪ್ರಮಾಣವೇ ಹೊರತು ಮಗುವಿನ ಬೆಳವಣಿಗೆಯಲ್ಲ. ಹುಟ್ಟಿದ ಕೂಸು ಮೈಕೈ ತುಂಬಿಕೊಂಡಿದೆ ಎಂದೋ, ಬಡಕಲಾಗಿದೆ ಎಂದೋ ಕಣ್ಣಳತೆಯಲ್ಲಿ ಹೇಳುತ್ತಿದ್ದರು. ಹಾಗೆ ಹೇಳುವಾಗಲೂ ದೃಷ್ಟಿ ತಾಗೀತೆಂಬ ಅಳುಕು ಇರುತ್ತಿತ್ತು.

ಆದರೆ ತಕ್ಕಡಿ ಇರಲಿಲ್ಲವೆಂದ ಮಾತ್ರಕ್ಕೆ ಚಿಂತನೆಯೂ ಇರಲಿಲ್ಲವೆಂದು ಹೇಳಲಾಗದು. ಬಸಿರಿಯ ಊಟ, ದುಡಿಮೆ, ವಿಶ್ರಾಂತಿಗಳ ಬಗ್ಗೆ ಕರ್ನಾಟಕದ ಎಲ್ಲ ಭಾಗಗಳಲ್ಲಿಯೂ ವಿಸ್ತಾರವಾದ ವಿಧಿನಿಷೇಧಗಳಿವೆ. ಇವುಗಳನ್ನು ಒಟ್ಟಾಗಿ 'ಜನಪದ ವೈದ್ಯದ ವಿವೇಕ' ಎಂದು ಹೊಗಳುವುದು ಒಂದು ರೂಢಿ. 'ಮೂಢನಂಬಿಕೆ' ಎಂದು ತಳ್ಳಿಹಾಕುವುದು ಇನ್ನೊಂದು ರೂಢಿ. ಈ ಎರಡೂ ನಿಲುವುಗಳು ಒಂದು ಮುಖ್ಯ ಸಂಗತಿಯನ್ನು ಗಮನಿಸುವುದಿಲ್ಲ. ಬಸಿರಿಯ ಊಟದ ವಿಷಯದಲ್ಲಿ ಪರಂಪರೆಯು ಒಂದೇ ದನಿಯಲ್ಲಿ ಮಾತನಾಡಿಲ್ಲ. ಅಲ್ಲಿ 'ಬೇಡಿದ್ದನ್ನು ಕೊಡು' ಎನ್ನುವ ದನಿಯೂ ಇದೆ, 'ಹಿಡಿತದಲ್ಲಿ ಉಣ್ಣು' ಎನ್ನುವ ದನಿಯೂ ಇದೆ.

ಬಯಕೆ ಎಂಬ ಹಕ್ಕು

ಮೊದಲನೆಯ ದನಿ ಬಯಕೆಯದು. ಉತ್ತರ ಕರ್ನಾಟಕದಲ್ಲಿ ಕುಬಸವೆಂದೂ, ಹಳೆಯ ಮೈಸೂರು ಭಾಗದಲ್ಲಿ ಸೀಮಂತವೆಂದೂ, ಕರಾವಳಿಯಲ್ಲಿ ಬಯಕೆಯೆಂದೂ ಕರೆಯಲ್ಪಡುವ ಆಚರಣೆಗಳಲ್ಲಿ ವಿವರಗಳು ಬೇರೆಯಾದರೂ ತಿರುಳು ಒಂದೇ. ಹಸಿರು ಸೀರೆ, ಹಸಿರು ಬಳೆ, ಮಡಿಲು ತುಂಬುವುದು, ಆರತಿ ಮತ್ತು ಬಗೆಬಗೆಯ ಅಡುಗೆ ಇದರ ಅಂಗಗಳು. ಉಳಿದ ದಿನಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆ ಅಂದು ಎಲ್ಲರೆದುರು ಮಣೆಯ ಮೇಲೆ ಕುಳಿತು ಮೊದಲು ಉಣ್ಣುತ್ತಾಳೆ. ಬಯಕೆಯ ಹಾಡುಗಳಲ್ಲಿ ತಿಂಗಳಿಗೊಂದರಂತೆ ಅವಳ ಆಸೆಗಳು ಎಣಿಕೆಗೊಳ್ಳುತ್ತವೆ. ಹುಳಿ, ಹಣ್ಣು, ಸಿಹಿ ಎಂದು ಪಟ್ಟಿ ಬೆಳೆಯುತ್ತದೆ. ತನಗೆ ಇಂಥದ್ದು ಬೇಕೆಂದು ಬಾಯಿಬಿಟ್ಟು ಕೇಳಲಾಗದ ಮನೆಯಲ್ಲಿ ಹಾಡು ಅವಳ ಪರವಾಗಿ ಕೇಳುತ್ತದೆ.

ಈ ಕಲ್ಪನೆಗೆ ಶಾಸ್ತ್ರಗ್ರಂಥಗಳಲ್ಲಿಯೂ ಆಧಾರವಿದೆ. ಸುಶ್ರುತ ಸಂಹಿತೆಯು ಗರ್ಭಿಣಿಯನ್ನು ನಾಲ್ಕನೆಯ ತಿಂಗಳಿನಿಂದ ಎರಡು ಹೃದಯಗಳುಳ್ಳವಳು, ಅಂದರೆ 'ದೌಹೃದಿನಿ' ಎಂದು ಕರೆದು, ಅವಳ ಇಚ್ಛೆಯನ್ನು ಕಡೆಗಣಿಸಿದರೆ ಶಿಶುವಿಗೆ ಊನವುಂಟಾಗುವುದೆಂದು ಎಚ್ಚರಿಸುತ್ತದೆ. ಕಾರಣದ ವಿವರಣೆ ಇಂದಿನ ವಿಜ್ಞಾನಕ್ಕೆ ಒಪ್ಪಿತವಲ್ಲ. ಆದರೆ ಆ ಎಚ್ಚರಿಕೆಯ ಸಾಮಾಜಿಕ ಪರಿಣಾಮ ದೊಡ್ಡದು. ತಾಯಿಯ ಆಸೆ ಅವಳೊಬ್ಬಳದಲ್ಲ, ಕೂಸಿನದೂ ಹೌದು ಎಂದಾಗ ಮನೆಯವರು ಅದನ್ನು ಸುಲಭವಾಗಿ ನಿರಾಕರಿಸಲಾರರು.

ಹಿಡಿತದ ಊಟ

ಎರಡನೆಯ ದನಿ ನಿಷೇಧದ್ದು. ಪರಂಗಿ ಹಣ್ಣು, ಅನಾನಸು, ಎಳ್ಳು ಮೊದಲಾದವು ಉಷ್ಣವೆಂದೂ, ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳಾಗುವುದೆಂದೂ ಬಿಡಿಸುವ ರೂಢಿ ವ್ಯಾಪಕವಾಗಿದೆ. ಇವುಗಳಿಂದ ಆಗುವ ಕೊರತೆ ಅಲ್ಪ. ಒಂದು ಹಣ್ಣನ್ನು ಬಿಟ್ಟರೆ ಇನ್ನೊಂದು ದೊರೆಯುತ್ತದೆ. ಹೆಚ್ಚು ಗಂಭೀರವಾದದ್ದು ಒಟ್ಟು ಊಟವನ್ನೇ ಕಡಿಮೆ ಮಾಡುವ ನಂಬಿಕೆ. ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದು ಒಂದು ಕಾರಣ. ಕೂಸೂ ಅನ್ನವೂ ಒಂದೇ ಹೊಟ್ಟೆಯಲ್ಲಿರುವುದರಿಂದ ಕೂಸಿಗೆ ಜಾಗ ಬಿಡಬೇಕು ಎಂಬುದು ಇನ್ನೊಂದು. ಭಾರತದ ಬೇರೆ ಬೇರೆ ಪ್ರದೇಶಗಳ ಅಧ್ಯಯನಗಳನ್ನು ಕ್ರೋಡೀಕರಿಸಿ ಮೊನಿ ನಾಗ್ ಅವರು 1994ರಲ್ಲಿ ಪ್ರಕಟಿಸಿದ ಲೇಖನವು ಈ ನಂಬಿಕೆ ಒಂದು ಪ್ರಾಂತಕ್ಕೆ ಸೀಮಿತವಲ್ಲವೆಂಬುದನ್ನು ತೋರಿಸಿಕೊಟ್ಟಿತು.

ಈ ನಂಬಿಕೆ ಅನುಭವದಿಂದ ಹುಟ್ಟಿದ್ದೆಂಬುದನ್ನು ಮರೆಯಬಾರದು. ದಿನ ತುಂಬಿದಂತೆ ಬೆಳೆಯುವ ಗರ್ಭಕೋಶವು ಜಠರವನ್ನು ಒತ್ತುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಸ್ವಲ್ಪ ಉಂಡರೂ ಹೊಟ್ಟೆ ಬಿಗಿಯುತ್ತದೆ. ಇನ್ನು ದೊಡ್ಡ ಕೂಸಿನ ಭಯಕ್ಕೂ ನೆಲೆಯಿತ್ತು. ಬಾಲ್ಯದಲ್ಲಿ ಸರಿಯಾಗಿ ಉಣ್ಣದೆ, ಮೈ ಬೆಳೆಯುವ ಮೊದಲೇ ಮದುವೆಯಾದ ಹುಡುಗಿಯ ಕಟಿಭಾಗ ಕಿರಿದಾಗಿರುತ್ತದೆ. ಶಸ್ತ್ರಚಿಕಿತ್ಸೆಯ ಸೌಲಭ್ಯವಿಲ್ಲದ ಊರಿನಲ್ಲಿ ಕೂಸು ಸಿಕ್ಕಿಕೊಂಡರೆ ತಾಯಿ ಉಳಿಯುತ್ತಿರಲಿಲ್ಲ. ಹೆರಿಗೆಯನ್ನು ಹೆಣ್ಣಿನ ಮರುಹುಟ್ಟು ಎಂದು ಕರೆದ ಸಮಾಜವು ತಾಯಿಯ ಜೀವ ಮತ್ತು ಕೂಸಿನ ಗಾತ್ರ ಇವೆರಡರಲ್ಲಿ ತಾಯಿಯ ಜೀವವನ್ನು ಆರಿಸಿಕೊಂಡಿತು. ಆ ಆಯ್ಕೆಯಲ್ಲಿ ಕರುಣೆಯಿತ್ತು, ಆದರೆ ಉಪಾಯ ಸರಿಯಿರಲಿಲ್ಲ. ಕಡಿಮೆ ಉಂಡದ್ದರಿಂದ ಕಿರಿದಾದ ಕಟಿ ಅಗಲವಾಗುವುದಿಲ್ಲ. ಅಡ್ಡ ತಿರುಗಿದ ಕೂಸು ನೇರವಾಗುವುದಿಲ್ಲ. ಬದಲಾಗಿ ತಾಯಿಯ ರಕ್ತ ತೆಳುವಾಗಿ, ಹೆರಿಗೆಯ ರಕ್ತಸ್ರಾವವನ್ನು ತಾಳುವ ಶಕ್ತಿಯೇ ಕುಗ್ಗುತ್ತದೆ.

ತಕ್ಕಡಿಯ ಸಾಕ್ಷ್ಯ

ಕಣ್ಣಳತೆಗೆ ಸಿಗದ ಇನ್ನೊಂದು ಬೆಲೆಯನ್ನು ತೋರಿಸಿದ್ದು ತಕ್ಕಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಪ್ರತಿ ನವಜಾತ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲಿಸುತ್ತಿದ್ದರು. 1934ರಿಂದ 1954ರ ನಡುವೆ ಅಲ್ಲಿ ಜನಿಸಿದ 517 ಮಂದಿಯನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇಕಡಾ 11ರಷ್ಟು ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಕಂಡುಬಂದರೆ, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇಕಡಾ 3ರಷ್ಟಿತ್ತು. ತಾನೂ ಹಗುರವಾಗಿ ಹುಟ್ಟಿ, ತಾಯಿಯೂ ಬಸಿರಿನಲ್ಲಿ 45 ಕಿಲೋಗಿಂತ ಕಡಿಮೆ ತೂಗಿದ್ದವರ ಗುಂಪಿನಲ್ಲಿ ಅದು ಶೇಕಡಾ 20ಕ್ಕೇರಿತ್ತು. ಒಂದು ಅಧ್ಯಯನದಿಂದ ಕಾರ್ಯಕಾರಣ ಸಂಬಂಧ ಪೂರ್ಣವಾಗಿ ಸ್ಥಾಪಿತವಾಗುವುದಿಲ್ಲ. ಆದರೂ ಬಸಿರಿನಲ್ಲಿ ತಾಯಿಯ ಮೈಯಲ್ಲಿದ್ದ ಕೊರತೆಯು ಮಗುವಿನ ನಡುವಯಸ್ಸಿನವರೆಗೂ ಹಿಂಬಾಲಿಸಬಹುದೆಂಬ ವಿಚಾರಕ್ಕೆ ಇದರಿಂದ ಬಲ ಬಂತು.

ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವು ಬಯಕೆಯ ದೃಷ್ಟಿಯಿಂದ ಇನ್ನೂ ಕುತೂಹಲಕರವಾಗಿದೆ. ಅಲ್ಲಿ ಬಸಿರಿಯು ಒಟ್ಟು ಎಷ್ಟು ಉಂಡಳೆಂಬುದಕ್ಕಿಂತ ಏನನ್ನು ಉಂಡಳೆಂಬುದೇ ಕೂಸಿನ ಗಾತ್ರದೊಡನೆ ಹೆಚ್ಚು ನಂಟು ತೋರಿತು. ಹಾಲು, ಹಸಿರು ಸೊಪ್ಪು, ಹಣ್ಣುಗಳನ್ನು ಹೆಚ್ಚು ಬಾರಿ ತಿಂದ ತಾಯಂದಿರ ಕೂಸುಗಳು ದೊಡ್ಡವಾಗಿದ್ದವು. ಬರಿಯ ಮುದ್ದೆ, ರೊಟ್ಟಿ, ಅನ್ನದಿಂದ ಹೊಟ್ಟೆ ತುಂಬಿದರೆ ಸಾಲದೆಂಬುದು ಇದರ ತಾತ್ಪರ್ಯ. ಬಯಕೆಯ ಹಾಡುಗಳು ಹಣ್ಣುಹಂಪಲುಗಳನ್ನು ಬೇಡುವುದು ಈ ಹಿನ್ನೆಲೆಯಲ್ಲಿ ಗಮನಾರ್ಹ.

ತವರಿನ ಏಳನೆಯ ತಿಂಗಳು

ಚೊಚ್ಚಲ ಬಸಿರಿಯನ್ನು ಸಾಮಾನ್ಯವಾಗಿ ಏಳನೆಯ ತಿಂಗಳಲ್ಲಿ ತವರಿಗೆ ಕರೆತರುವ ಪದ್ಧತಿಯನ್ನು ಜಾನಪದ ಅಧ್ಯಯನಗಳು ಹೆಚ್ಚಾಗಿ ಭಾವನಾತ್ಮಕ ನೆಲೆಯಲ್ಲಿ ವಿವರಿಸಿವೆ. ಅದಕ್ಕೆ ದೈಹಿಕ ನೆಲೆಯೂ ಇದೆ. ಇಪ್ಪತ್ತೆಂಟನೆಯ ವಾರದಲ್ಲಿ ಸುಮಾರು ಒಂದು ಕಿಲೋ ಇರುವ ಭ್ರೂಣ ದಿನ ತುಂಬುವ ವೇಳೆಗೆ ಮೂರು ಕಿಲೋದಷ್ಟಾಗಬೇಕು. ಅಂದರೆ ಕೂಸಿನ ತೂಕದ ಹೆಚ್ಚಿನ ಪಾಲು ಸೇರುವುದು ಕೊನೆಯ ಮೂರು ತಿಂಗಳುಗಳಲ್ಲಿಯೇ. ನೀರು ಹೊರುವ, ಹೊಲದಲ್ಲಿ ಬಗ್ಗಿ ದುಡಿಯುವ, ಕೊನೆಗೆ ಉಣ್ಣುವ ಮನೆಯಿಂದ ಅವಳನ್ನು ಬಿಡಿಸಿ, ಹೆತ್ತ ತಾಯಿಯ ಕೈಯ ಊಟಕ್ಕೆ ಒಪ್ಪಿಸುವ ಈ ಕಾಲದ ಆಯ್ಕೆ ಸಾರ್ಥಕವಾದುದು.

ಆದರೆ ಈ ಆಶ್ರಯ ದೊರೆಯುವುದು ಬಹುಮಟ್ಟಿಗೆ ಚೊಚ್ಚಲಿಗೆ ಮಾತ್ರ. ಎರಡನೆಯ, ಮೂರನೆಯ ಬಸಿರಿಗೆ ಕುಬಸವಿಲ್ಲ, ತವರಿನ ಕರೆಯಿಲ್ಲ, ಹಾಡಿಲ್ಲ. ಮೊದಲ ಹೆರಿಗೆಯಲ್ಲಿ ಕಳೆದುಕೊಂಡ ರಕ್ತ ಮರಳಿ ತುಂಬುವ ಮೊದಲೇ ಬಸಿರಾದವಳಿಗೆ ಕಂಕುಳಲ್ಲಿ ಒಂದು ಕೂಸು, ಹೊಟ್ಟೆಯಲ್ಲಿ ಇನ್ನೊಂದು. ಚೊಚ್ಚಲ ಶಿಶುಗಳು ಸ್ವಾಭಾವಿಕವಾಗಿಯೇ ಮುಂದಿನವುಗಳಿಗಿಂತ ತುಸು ಹಗುರವಾಗಿರುವುದರಿಂದ ಈ ವ್ಯತ್ಯಾಸದ ಫಲವನ್ನು ತೂಕದ ಹೋಲಿಕೆಯಿಂದಷ್ಟೇ ಅಳೆಯಲಾಗದು. ತಾಯಿಯ ದೇಹದ ಸವೆತದಲ್ಲಿ ಅದನ್ನು ಕಾಣಬೇಕು. ಪರಂಪರೆಯ ದೊಡ್ಡ ಕೊರತೆಯಿರುವುದು ಅದು ಹೇಳಿದ ನಿಷೇಧಗಳಿಗಿಂತ ಹೆಚ್ಚಾಗಿ ಈ ಮೌನದಲ್ಲಿ.

ಅಂಗನವಾಡಿಯ ಸೀಮಂತ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಆರಂಭವಾದಾಗ ಬಸಿರಿಯ ಊಟ ಸರ್ಕಾರದ ಹೊಣೆಯಾಯಿತು. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯು ಮೊಟ್ಟೆ, ಹಾಲು, ಚಿಕ್ಕಿಗಳೊಡನೆ ಬಿಸಿಯೂಟವನ್ನು ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಬಡಿಸುವ ಕ್ರಮವನ್ನು ತಂದಿತು. 2018ರಲ್ಲಿ ಆರಂಭವಾದ ಪೋಷಣ್ ಅಭಿಯಾನದ ಅಂಗವಾಗಿ ಅಂಗನವಾಡಿಗಳಲ್ಲಿ ಸಾಮೂಹಿಕ ಸೀಮಂತಗಳು ನಡೆಯತೊಡಗಿದವು. ಅದೇ ವರ್ಷ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಅವರಿಗೆ ಪದ್ಮಶ್ರೀ ಸಂದುದು ಜನಪದ ಜ್ಞಾನಕ್ಕೆ ದೊರೆತ ಮನ್ನಣೆಯಾಗಿತ್ತು. ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನರಾಗಿದ್ದರು.

ಸಂಸ್ಕಾರವನ್ನು ಸರ್ಕಾರ ಎತ್ತಿಕೊಂಡಿರುವುದು ಸ್ವಾಗತಾರ್ಹ. ಆದರೆ ಹಸಿರು ಬಳೆ, ಆರತಿಗಳಷ್ಟನ್ನೇ ಎತ್ತಿಕೊಂಡರೆ ಹಳೆಯ ಕೊರತೆಯೇ ಮುಂದುವರಿಯುತ್ತದೆ. ಒಂದು ದಿನ ಮೊದಲು ಉಂಡವಳು ಮರುದಿನದಿಂದ ಮತ್ತೆ ಕೊನೆಗೆ ಉಣ್ಣುವಂತಾದರೆ ಕೂಸಿನ ಮೈ ತುಂಬದು. ಬಯಕೆಯ ಆಚರಣೆಯಲ್ಲಿ ಉಳಿಸಿಕೊಳ್ಳಬೇಕಾದ ತತ್ತ್ವ ಒಂದಿದೆ: ಬಸಿರಿಯ ಊಟ ಅವಳೊಬ್ಬಳ ಚಿಂತೆಯಲ್ಲ, ಇಡೀ ಮನೆಯ ಹೊಣೆ. ಆ ತತ್ತ್ವವು ಒಂದು ದಿನದಿಂದ ಒಂಬತ್ತು ತಿಂಗಳಿಗೂ, ಚೊಚ್ಚಲಿನಿಂದ ಎಲ್ಲ ಬಸಿರುಗಳಿಗೂ ವಿಸ್ತರಿಸಬೇಕು. ಹೊಟ್ಟೆ ಬಿಗಿಯುತ್ತದೆಂದು ಹೇಳುವ ಬಸಿರಿಗೆ 'ಇದು ಮೂಢನಂಬಿಕೆ' ಎಂದು ಗದರುವ ಬದಲು, ಸ್ವಲ್ಪಸ್ವಲ್ಪವಾಗಿ ಹೆಚ್ಚು ಸಲ ಉಣ್ಣಲು ಹೇಳುವ ಕಾರ್ಯಕರ್ತೆಯ ಮಾತು ಮನೆಯೊಳಕ್ಕೆ ಇಳಿಯುತ್ತದೆ. ಜಾನಪದ ಅಧ್ಯಯನಕಾರರು ಹಾಡುಗಳ ಜೊತೆಗೆ ಊಟದ ಸರದಿಯನ್ನೂ ದಾಖಲಿಸತೊಡಗಿದರೆ ಆ ಕೆಲಸಕ್ಕೆ ಬೇಕಾದ ತಿಳಿವಳಿಕೆ ಒದಗುತ್ತದೆ.